ಮೊನೊಫಿಲಮೆಂಟ್, ಜಡ್ಡು, ಮುಂದಿನ ಓದು: ಪಾದಚಿಕಿತ್ಸೆಯ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಪಾದಚಿಕಿತ್ಸಾ ವಿಭಾಗಕ್ಕೆ ಈಗಷ್ಟೇ ಸೇರಿದ್ದೇನೆ. ಸಕ್ಕರೆ ಕಾಯಿಲೆ ಇರುವವರ ಅಂಗಾಲಿನ ಸ್ಪರ್ಶ ನೋಡಲು 10 ಗ್ರಾಂ ಮೊನೊಫಿಲಮೆಂಟ್, ಅಂದರೆ 10 ಗ್ರಾಂ ಬಲಕ್ಕೆ ಬಾಗುವ ನೈಲಾನ್ ಎಳೆ, ಬಳಸುತ್ತೇವೆ. ಅದೇ ಪಾದಕ್ಕೆ ನನಗೆ ಒಂದು ಫಲಿತಾಂಶ, ಸಹೋದ್ಯೋಗಿಗೆ ಇನ್ನೊಂದು. ಯಾರದನ್ನು ನಂಬೋದು?

ಉತ್ತರ: ಮೊದಲು ಇಬ್ಬರ ಎಳೆಗಳನ್ನೂ ನೋಡಿ. ನೈಲಾನ್ ಎಳೆ ಬಾಗಿ ಬಾಗಿ ಸೋಲುತ್ತದೆ. ಸೋತ ಎಳೆ 10 ಗ್ರಾಂಗಿಂತ ಕಡಿಮೆ ಬಲಕ್ಕೇ ಬಾಗುವುದರಿಂದ ಚೆನ್ನಾಗಿರುವ ಪಾದವೂ ಜೋಮು ಹಿಡಿದಂತೆ ಕಾಣುತ್ತದೆ. 10–15 ಜನರನ್ನು ನೋಡಿದ ಮೇಲೆ ಅದಕ್ಕೆ 24 ಗಂಟೆ ಬಿಡುವು ಕೊಡಿ, 70–90 ಜನರಾದ ಮೇಲೆ ಬದಲಿಸಿ.

ಎಳೆ ಸರಿಯಿದ್ದರೆ ವ್ಯತ್ಯಾಸ ಕೈಯಲ್ಲಿದೆ. ಮೊದಲು ರೋಗಿಯ ಅಂಗೈಗೋ ಹಣೆಗೋ ಮುಟ್ಟಿಸಿ, ಹೇಗನಿಸುತ್ತದೆ ಎಂದು ತಿಳಿಸಿ. ಆಮೇಲೆ ಕಣ್ಣು ಮುಚ್ಚಿಸಿ. ಹೆಬ್ಬೆರಳಿನ ಅಡಿ, ಹೆಬ್ಬೆರಳ ಬುಡದ ಉಬ್ಬು, ಕಿರುಬೆರಳ ಬುಡದ ಉಬ್ಬು, ಈ ಮೂರು ಕಡೆ ನೋಡಿ. ಎಳೆಯನ್ನು ಚರ್ಮಕ್ಕೆ ನೆಟ್ಟಗೆ ಇಟ್ಟು ಬಾಗುವವರೆಗೆ ಒತ್ತಿ ತೆಗೆಯಿರಿ; ಎಲ್ಲ ಸೇರಿ ಸುಮಾರು 2 ಸೆಕೆಂಡ್. ಚರ್ಮದ ಮೇಲೆ ಎಳೆ ಜಾರಿದರೆ ಅದು ಉಜ್ಜಿದಂತಾಗಿ, ಜೋಮಿರುವವರಿಗೂ ಗೊತ್ತಾಗಿಬಿಡುತ್ತದೆ. ಜಡ್ಡು (ಒತ್ತಡಕ್ಕೆ ದಪ್ಪಗಟ್ಟಿದ ಚರ್ಮ) ಅಥವಾ ಹುಣ್ಣಿನ ಮೇಲೆ ಬೇಡ, ಅದರ ಪಕ್ಕದಲ್ಲಿ ಮುಟ್ಟಿಸಿ.

ಹೆಚ್ಚಿನವರು ಎಡವುವುದು ಮಾತಿನಲ್ಲಿ. ಒಂದೇ ತಾಳಕ್ಕೆ ಮುಟ್ಟುತ್ತಾ "ಗೊತ್ತಾಯ್ತಾ ಅಜ್ಜಿ?" ಎಂದು ಕೇಳುತ್ತಾ ಹೋದರೆ ಅಜ್ಜಿ ಪ್ರತಿ ಸಲ "ಹ್ಞೂಂ" ಅನ್ನುತ್ತಾರೆ. ಪ್ರತಿ ಜಾಗದಲ್ಲೂ ಎರಡು ಸಲ ಮುಟ್ಟಿ, ನಡುವೆ ಒಂದು ಸಲ ಮುಟ್ಟದೆಯೇ ಕೇಳಿ. ಯಾವ ಕಾಲು, ಎಲ್ಲಿ ಎಂದೂ ಕೇಳಿ. ಮೂರರಲ್ಲಿ ಎರಡು ಉತ್ತರ ಸರಿಯಿದ್ದರೆ ಆ ಜಾಗದಲ್ಲಿ ಸ್ಪರ್ಶ ಉಳಿದಿದೆ. ಎರಡು ತಪ್ಪಾದರೆ ಆ ಪಾದಕ್ಕೆ ಹುಣ್ಣಾಗುವ ಅಪಾಯವಿದೆ ಎಂದೇ ಬರೆಯಿರಿ.

ಇನ್ನೊಬ್ಬರ ಪ್ರಶ್ನೆ: ಸಕ್ಕರೆ ಕಾಯಿಲೆಯ ರೋಗಿಯೊಬ್ಬರ ಜಡ್ಡಿನೊಳಗೆ ಕಂದು ಚುಕ್ಕೆ ಕಾಣುತ್ತದೆ, ಅವರಿಗೆ ನೋವೇ ಇಲ್ಲ. ಜಡ್ಡನ್ನು ಹೆರೆಯಬಹುದೇ?

ಉತ್ತರ: ಹೆರೆಯಲೇಬೇಕು, ಆದರೆ ಮೊದಲು ರಕ್ತಸಂಚಾರ ನೋಡಿಕೊಂಡು. ಕಂದು ಚುಕ್ಕೆ ಎಂದರೆ ಒತ್ತಡಕ್ಕೆ ಒಳಗೆ ರಕ್ತ ಕಟ್ಟಿದೆ. ಅದರ ಕೆಳಗೆ ಹುಣ್ಣು ಇದ್ದರೂ ಮೇಲಿಂದ ಕಾಣುವುದಿಲ್ಲ. ನೋವಿಲ್ಲ ಅನ್ನುವುದು ಇಲ್ಲಿ ನೆಮ್ಮದಿಯ ಮಾತಲ್ಲ, ನರ ಸೋತಿರುವುದರ ಗುರುತು. ಪಾದದ ಮೇಲಿನ ನಾಡಿ, ಕಣಕಾಲಿನ ಒಳಬದಿಯ ಗಂಟಿನ ಹಿಂದಿನ ನಾಡಿ ಎರಡೂ ಸಿಗುತ್ತವೆಯೇ ನೋಡಿ. ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ಸಂಚಾರ ಕುಗ್ಗಿದೆ. 1.3 ದಾಟಿದರೆ ಚೆನ್ನಾಗಿದೆ ಎಂದುಕೊಳ್ಳಬೇಡಿ, ರಕ್ತನಾಳ ಸುಣ್ಣಗಟ್ಟಿ ಗಟ್ಟಿಯಾಗಿರಬಹುದು. ಆಗ ಕಾಲ್ಬೆರಳಿನ ರಕ್ತದೊತ್ತಡ ಅಳೆಯಿಸಿ.

10ನೇ ನಂಬರಿನ ಬ್ಲೇಡ್ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿಂದ ಚರ್ಮವನ್ನು ಬಿಗಿಯಾಗಿ ಎಳೆದಿಡಿ. ಬ್ಲೇಡ್ ಚರ್ಮಕ್ಕೆ ಹೆಚ್ಚುಕಮ್ಮಿ ಸಮಾನಾಂತರವಾಗಿರಲಿ, ತೆಳುವಾದ ಪದರ ಪದರವಾಗಿ ಬರಲಿ. ಗುಲಾಬಿ ಬಣ್ಣದ ಮೃದು ಚರ್ಮ ಕಂಡೊಡನೆ ನಿಲ್ಲಿಸಿ. ಕುಳಿ ಸಿಕ್ಕರೆ ಕ್ರಿಮಿಶುದ್ಧ ಮೊಂಡು ಪ್ರೋಬ್ (ಆಳ ನೋಡುವ ಸಣ್ಣ ಕಡ್ಡಿ) ಇಳಿಸಿ ನೋಡಿ. ಗಟ್ಟಿಯಾಗಿ ಮೂಳೆ ತಗುಲಿದರೆ ಮೂಳೆಯ ಸೋಂಕಿನ ಅನುಮಾನ, ಅದೇ ದಿನ ಎಕ್ಸ್‌ರೇಗೂ ಹಿರಿಯ ವೈದ್ಯರ ಬಳಿಗೂ ಕಳಿಸಿ. ಆಣಿಗೆ ಅಂಟಿಸುವ ಸ್ಯಾಲಿಸಿಲಿಕ್ ಆಸಿಡ್ ಪಟ್ಟಿ ಇಂಥ ಪಾದಕ್ಕೆ ಖಂಡಿತ ಬೇಡ. ಸುತ್ತಲಿನ ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಹೆರೆದಷ್ಟಕ್ಕೆ ಕೆಲಸ ಮುಗಿಯದು, ಆ ಬಿಂದುವಿನ ಒತ್ತಡ ಇಳಿಸುವ ಇನ್‌ಸೋಲ್ ಅಥವಾ ಪಾದರಕ್ಷೆ ಕೊಡದಿದ್ದರೆ ಜಡ್ಡು ಮತ್ತೆ ಕಟ್ಟುತ್ತದೆ.

ಮತ್ತೊಂದು ಪ್ರಶ್ನೆ: ಪೊಡಿಯಾಟ್ರಿ, ಅಂದರೆ ಪಾದಚಿಕಿತ್ಸೆ, ಓದಬೇಕೆಂದಿದ್ದೇನೆ. ಎಷ್ಟು ವರ್ಷ? ಕೆಲಸದಲ್ಲಿ ಮೈಗೆ ಏನು ತೊಂದರೆ?

ಉತ್ತರ: ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಪದವಿ, ನಂತರ ನೋಂದಣಿ. ಅಮೆರಿಕದಲ್ಲಿ ಕಾಲೇಜು ಓದಿನ ಮೇಲೆ ನಾಲ್ಕು ವರ್ಷದ ಡಿಪಿಎಂ (ಡಾಕ್ಟರ್ ಆಫ್ ಪೊಡಿಯಾಟ್ರಿಕ್ ಮೆಡಿಸಿನ್), ಆಮೇಲೆ ಮೂರು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಅಲ್ಲಿ ಶಸ್ತ್ರಚಿಕಿತ್ಸೆಯೂ ಈ ವೃತ್ತಿಯೊಳಗೇ ಬರುತ್ತದೆ.

ಮೈಯಲ್ಲಿ ಮೊದಲು ಸೋಲುವುದು ಕತ್ತು, ಸೊಂಟ, ಮಣಿಕಟ್ಟು. ರೋಗಿಯ ಕುರ್ಚಿಯನ್ನು ನಿಮ್ಮ ಮೊಣಕೈ ಮಟ್ಟಕ್ಕೆ ಎತ್ತಿಸಿ, ನೀವು ಬಗ್ಗಬೇಡಿ. ಉಗುರು ತಿಕ್ಕುವ ಡ್ರಿಲ್‌ನ ಧೂಳಿನಲ್ಲಿ ಶಿಲೀಂಧ್ರವೂ ಇರುತ್ತದೆ, ಹೀರುವ ವ್ಯವಸ್ಥೆಯಿರುವ ಡ್ರಿಲ್ಲನ್ನೇ ಕೇಳಿ ಪಡೆಯಿರಿ. ಬರೀ ಸರ್ಜಿಕಲ್ ಮಾಸ್ಕ್ ಸಾಲದು; ಮುಖಕ್ಕೆ ಬಿಗಿಯಾಗಿ ಕೂತು ಸಣ್ಣ ಧೂಳನ್ನೂ ಸೋಸುವ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್, ಕನ್ನಡಕ ಎರಡೂ ಹಾಕಿಕೊಳ್ಳಿ.