ಆ್ಯಪ್‌ನಲ್ಲಿ ಎಲ್ಲ ಗುರುತಿಸ್ತಾರೆ, ಟ್ರೇ ಮುಂದೆ ತಡವರಿಸ್ತಾರೆ: ಅನಾಟಮಿ ಲ್ಯಾಬ್‌ಗೆ ಯಾವ ಸಾಧನ?

ಪ್ರಶ್ನೆ: ಲ್ಯಾಬ್_ಮೇಜು

ಪದವಿ ಮೊದಲ ವರ್ಷದ ಅನಾಟಮಿ. ಬ್ಯಾಚಿಗೆ 24 ಜನ, ಎರಡು ಗಂಟೆಯ ಲ್ಯಾಬ್. ಶವ ಇಲ್ಲ. ಪ್ಲಾಸ್ಟಿಕ್ ಅಸ್ಥಿಪಂಜರ, ಫಾರ್ಮಲಿನ್‌ನಲ್ಲಿಟ್ಟ ಕುರಿ ಹೃದಯಗಳು, ಮತ್ತೆ ಎಲ್ಲರ ಫೋನಿನಲ್ಲೂ 3ಡಿ ಆ್ಯಪ್. ಸ್ಕ್ರೀನಿನಲ್ಲಿ ಪಟಪಟ ಹೆಸರು ಹೇಳುವವರು ಟ್ರೇಯಲ್ಲಿರುವ ಹೃದಯದ ಎಡ ಯಾವುದು, ಬಲ ಯಾವುದು ಅಂದರೆ ನಿಂತುಬಿಡುತ್ತಾರೆ. ಯಾವುದನ್ನು ಕೈಯಿಂದ ಮಾಡಿಸಬೇಕು, ಯಾವುದನ್ನು ಸ್ಕ್ರೀನಿಗೆ ಬಿಡಬೇಕು? ಬ್ರೇಕಿಯಲ್ ಪ್ಲೆಕ್ಸಸ್‌ಗೆ (ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಜಾಲ) ಏನಾದರೂ ಉಪಾಯ ಇದ್ದರೆ ಅದನ್ನೂ ಹೇಳಿ.

ಉತ್ತರ 1: ಸ್ಕಾಲ್ಪೆಲ್22

ಹೃದಯದ ವಿಷಯದಲ್ಲಿ ತಪ್ಪು ಆ್ಯಪ್‌ನದ್ದಲ್ಲ, ಟ್ರೇ ಬಂದ ಕೂಡಲೇ ಕತ್ತರಿಸೋಕೆ ಶುರು ಮಾಡೋದರದ್ದು. ಮೊದಲು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, ಒಳಗಿನ ಹೆಪ್ಪುರಕ್ತ ಹಿಂಡಿ ತೆಗೆಸಿ. ನೈಟ್ರೈಲ್ ಗ್ಲೌಸ್ ಇರಲಿ. ಫಾರ್ಮಲಿನ್‌ಗೆ ಲೇಟೆಕ್ಸ್ ಸಾಲದು. ಗಾಳಿಯಾಡುವ ಕೋಣೆಯೂ ಬೇಕು.

ಆಮೇಲೆ ಹತ್ತು ನಿಮಿಷ ಬ್ಲೇಡ್ ಮುಟ್ಟುವಂತಿಲ್ಲ. ಕೊಬ್ಬು ತುಂಬಿ ಓರೆಯಾಗಿ ಇಳಿಯುವ ತೋಡು ಕಾಣುವ ಮುಖವೇ ಮುಂಭಾಗ. ತೋಡಿನ ಎರಡೂ ಬದಿ ಹಿಸುಕಿ ನೋಡಲಿ. ಗಟ್ಟಿಯಾಗಿರೋದು ಎಡ ವೆಂಟ್ರಿಕಲ್ (ಕೆಳಕೋಣೆ), ಕೆಳತುದಿಯೂ ಅದಕ್ಕೇ ಸೇರಿದ್ದು. ಮುಂಭಾಗ ತಮ್ಮ ಕಡೆಗಿದ್ದರೆ ಆ ಗಟ್ಟಿ ಬದಿ ತಮ್ಮ ಬಲಗೈ ಕಡೆ ಬರಬೇಕು. ನಂತರ ಪ್ರೋಬ್ (ಮೊಂಡು ತುದಿಯ ಸಪೂರ ಕಡ್ಡಿ): ಮುಂದಿರುವ ಕೊಳವೆಯಿಂದ ಇಳಿಸಿದರೆ ಬಲ ವೆಂಟ್ರಿಕಲ್‌ಗೆ ಹೋಗುತ್ತೆ, ಅಂದರೆ ಅದು ಪಲ್ಮನರಿ ಟ್ರಂಕ್, ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ. ಅದರ ಹಿಂದಿನದು ಅಯೋರ್ಟಾ, ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿ. ವೀನಾ ಕೇವಾ (ದೇಹದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಅಭಿಧಮನಿ) ಹುಡುಕುತ್ತಾ ಒದ್ದಾಡುವವರಿಗೆ ಮೊದಲೇ ಹೇಳಿಬಿಡಿ, ಹೃದಯ ತೆಗೆಯುವಾಗಲೇ ಅದು ಬುಡಕ್ಕೆ ಕತ್ತರಿಸಿ ಹೋಗಿರುತ್ತೆ. ಕಾಣೋದು ಕೊಳವೆಯಲ್ಲ, ಬಲ ಏಟ್ರಿಯಮ್‌ನ (ಮೇಲ್ಕೋಣೆ) ಗೋಡೆಯಲ್ಲೊಂದು ತೂತು.

ತೆರೆಯುವ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಅಯೋರ್ಟಾವನ್ನು ಕವಾಟದಿಂದ ಎರಡು ಸೆಂಟಿಮೀಟರ್ ಮೇಲೆ ಅಡ್ಡ ಕತ್ತರಿಸಿ, ಸಿರಿಂಜಿನಿಂದ ನೀರು ಬಿಟ್ಟರೆ ಮೂರು ದಳ ಮುಚ್ಚಿಕೊಂಡು ನೀರು ನಿಲ್ಲುತ್ತೆ. ತಕ್ಷಣ ಸೋರಿ ಹೋದರೆ ದಳಗಳ ನಡುವೆ ಹೆಪ್ಪು ಸಿಕ್ಕಿದೆ, ಇಲ್ಲವೇ ಫಾರ್ಮಲಿನ್‌ನಲ್ಲಿ ದಳ ಸೆಟೆದಿದೆ. ಇದಕ್ಕೆ ತಾಜಾ ಹೃದಯವೇ ವಾಸಿ.

ಬಲ ವೆಂಟ್ರಿಕಲ್‌ಗೆ ಬ್ಲೇಡ್ ಬೇಡ. ಮೊಂಡು ತುದಿಯ ಕತ್ತರಿ ಪಲ್ಮನರಿ ಟ್ರಂಕ್‌ನೊಳಗೆ ಇಳಿಸಿ, ತೋಡಿನಿಂದ ಒಂದು ಸೆಂಟಿಮೀಟರ್ ಬಿಟ್ಟು ಅದಕ್ಕೆ ಸಮಾನಾಂತರವಾಗಿ ಕೆಳಕ್ಕೆ ಬರಲಿ. ಗೋಡೆ ತೆಳು, ಬ್ಲೇಡ್ ಒತ್ತಿದರೆ ಒಳಗೆ ಕವಾಟದ ಎಳೆಗಳನ್ನು ಹಿಡಿದಿಡುವ ಪ್ಯಾಪಿಲರಿ ಸ್ನಾಯುವೂ ಸೀಳಿಹೋಗುತ್ತೆ. ಸೀಳಿದ ಮೇಲೆ ಎಳೆದು ಅಗಲಿಸೋ ಅವಸರ ಬೇಡ: ನಡುಗೋಡೆಯಿಂದ ಹೊರಗೋಡೆಗೆ ಹಗ್ಗದ ಹಾಗೆ ಮಾಡರೇಟರ್ ಬ್ಯಾಂಡ್ ಇರುತ್ತೆ, ಕುರಿಯಲ್ಲಿ ಬಹಳ ಸ್ಪಷ್ಟ, ಮೊದಲು ಹರಿಯೋದೂ ಅದೇ. ಎಡಗೋಡೆಯ ದಪ್ಪ ಸುಮಾರು ಮೂರು ಪಟ್ಟು. ಅದನ್ನು ಸ್ಕೇಲ್ ಇಟ್ಟು ಅಳೆಸಿ, ಹೇಳಿಕೊಡಬೇಡಿ.

ಇನ್ನೊಂದು ವ್ಯತ್ಯಾಸ. ಮನುಷ್ಯರಲ್ಲಿ ಅಯೋರ್ಟಾ ಕಮಾನಿನಿಂದ ಸಾಮಾನ್ಯವಾಗಿ ಮೂರು ಕವಲು, ಕುರಿಯಲ್ಲಿ ಒಂದೇ ದೊಡ್ಡ ಕಾಂಡ. ಪುಸ್ತಕದ ಚಿತ್ರ ಹಿಡಿದು ಹುಡುಕಿದರೆ ಸಿಗಲ್ಲ.

ಉತ್ತರ 2: ನರಜಾಲ

ಪ್ಲೆಕ್ಸಸ್‌ಗೆ ಚಿತ್ರ ಬರೆಸೋದಕ್ಕಿಂತ ತಂತಿ ಹೆಣೆಸಿ. ಪ್ಲಾಸ್ಟಿಕ್ ಹೊದಿಕೆಯ ಒಂಟಿ ಎಳೆ ತಾಮ್ರದ ತಂತಿ, ತಲಾ 40 ಸೆಂಟಿಮೀಟರ್, ಒಟ್ಟು 15 ತುಂಡು. ಬಹು ಎಳೆಯದು ಬೇಡ, ತಿರುಚಿದರೆ ನಿಲ್ಲಲ್ಲ.

ಬೆನ್ನುಹುರಿಯಿಂದ ಹೊರಡುವ ಒಂದೊಂದು ನರಬೇರಿಗೂ ಒಂದು ಬಣ್ಣ (ಸಿ ಅಂದರೆ ಕುತ್ತಿಗೆಯದು, ಟಿ ಅಂದರೆ ಎದೆಯದು): ಸಿ5 ಕೆಂಪು 3, ಸಿ6 ನೀಲಿ 4, ಸಿ7 ಹಳದಿ 3, ಸಿ8 ಹಸಿರು 3, ಟಿ1 ಕಪ್ಪು 2. ಥರ್ಮಾಕೋಲ್ ಹಾಳೆ ಮೇಲೆ 'ಬಲಗೈ, ಮುಂಭಾಗ' ಅಂತ ಮೊದಲೇ ಬರೆಸಿ. ಬೇರುಗಳು ನೋಡುವವರ ಬಲಕ್ಕೆ, ಸಿ5 ಮೇಲೆ, ಟಿ1 ಕೆಳಗೆ. ಇದು ಬರೆಯದಿದ್ದರೆ ಅರ್ಧ ಗುಂಪುಗಳ ಲ್ಯಾಟರಲ್ (ಹೊರಬದಿ) ಮತ್ತು ಮೀಡಿಯಲ್ (ಒಳಬದಿ) ಅದಲುಬದಲಾಗುತ್ತೆ.

ಕೆಂಪು ನೀಲಿ ಸೇರಿ ಮೇಲಿನ ಟ್ರಂಕ್ (ನರದ ಕಾಂಡ), ಹಳದಿ ಒಂದೇ ನಡುವಿನದು, ಹಸಿರು ಕಪ್ಪು ಕೆಳಗಿನದು. ಈಗ ಪ್ರತಿ ಟ್ರಂಕ್ ಮುಂದಕ್ಕೊಂದು, ಹಿಂದಕ್ಕೊಂದು ಒಡೆಯಬೇಕು. ಹಿಂದಕ್ಕೆ ಹೋಗೋದು: ಮೇಲಿನದರಿಂದ 2 ಕೆಂಪು 2 ನೀಲಿ, ನಡುವಿನದರಿಂದ 1 ಹಳದಿ, ಕೆಳಗಿನದರಿಂದ 1 ಹಸಿರು. ಆರೂ ಸೇರಿದರೆ ಪೋಸ್ಟೀರಿಯರ್ ಕಾರ್ಡ್, ಅಂದರೆ ಹಿಂಬದಿಯ ನರದ ಹುರಿ. ಮುಂದೆ ಉಳಿದದ್ದರಲ್ಲಿ ಮೇಲಿನ ಎರಡು ಟ್ರಂಕ್‌ನ ಐದು ತಂತಿ ಲ್ಯಾಟರಲ್ ಕಾರ್ಡ್, ಕೆಳಗಿನದರ ನಾಲ್ಕು ಮೀಡಿಯಲ್ ಕಾರ್ಡ್.

ಇಲ್ಲಿ ರಬ್ಬರ್ ಕೊಳವೆಯೊಂದನ್ನು ಆಕ್ಸಿಲರಿ (ಕಂಕುಳಿನ) ಅಪಧಮನಿ ಅಂತ ಇಡಿ: ಪೋಸ್ಟೀರಿಯರ್ ಕಾರ್ಡ್ ಅದರ ಹಿಂದೆ, ಉಳಿದೆರಡು ಅಕ್ಕಪಕ್ಕ. ಕಾರ್ಡ್‌ಗಳ ಹೆಸರು ಯಾಕೆ ಹಾಗೆ ಅನ್ನೋದು ಕಣ್ಣೆದುರೇ ಬರುತ್ತೆ.

ಕೊನೆಗೆ ಐದು ನರ. ಮಸ್ಕ್ಯುಲೋಕ್ಯುಟೇನಿಯಸ್: ಕೆಂಪು, ನೀಲಿ, ಹಳದಿ. ಆಕ್ಸಿಲರಿ: ಕೆಂಪು, ನೀಲಿ. ರೇಡಿಯಲ್: ಕೆಂಪು, ನೀಲಿ, ಹಳದಿ, ಹಸಿರು. ಅಲ್ನಾರ್: ಹಸಿರು, ಕಪ್ಪು. ಮೀಡಿಯನ್: ಲ್ಯಾಟರಲ್‌ನಿಂದ ನೀಲಿ ಹಳದಿ, ಮೀಡಿಯಲ್‌ನಿಂದ ಹಸಿರು ಕಪ್ಪು, ಎರಡೂ ಕೊಳವೆಯ ಮುಂದೆ ಕೂಡಬೇಕು. ತಪ್ಪು ಹುಡುಕೋಕೆ ನೀವು ಬೇಡ, ಬಣ್ಣವೇ ಹೇಳುತ್ತೆ. ಅಲ್ನಾರ್‌ನಲ್ಲಿ ಕೆಂಪು ಕಂಡರೆ ಎಲ್ಲಿ ದಾರಿ ತಪ್ಪಿತು ಅಂತ ಅವರೇ ಹಿಂದಕ್ಕೆ ಹೋಗಿ ನೋಡಲಿ.

ಆಮೇಲೆ ಅರ್ಬ್ಸ್ ಪಾಲ್ಸಿ (ಮೇಲಿನ ಬೇರುಗಳಿಗೆ ಪೆಟ್ಟಾಗಿ ತೋಳು ಸೋಲುವುದು) ಕೇಳಿ: ಕೆಂಪು ನೀಲಿ ಎರಡೂ ಹೋದರೆ ಏನು ಉಳಿಯುತ್ತೆ? ಆಕ್ಸಿಲರಿ ಪೂರ್ತಿ ಖಾಲಿ, ಮಸ್ಕ್ಯುಲೋಕ್ಯುಟೇನಿಯಸ್‌ನಲ್ಲಿ ಹಳದಿ ಒಂದೇ. ಸುಪ್ರಾಸ್ಕ್ಯಾಪ್ಯುಲರ್, ಲಾಂಗ್ ಥೊರಾಸಿಕ್ ತರಹದ ಕವಲು ಮೊದಲ ದಿನ ಬೇಡ.

ಉತ್ತರ 3: ಅಡ್ಡಸೀಳು

ಆ್ಯಪ್ ಬಿಡಿಸಬೇಕಿಲ್ಲ, ಬಳಸೋ ಕ್ರಮ ಬದಲಿಸಿ. ಮುಟ್ಟಿದರೆ ಹೆಸರು ಬರುವಷ್ಟು ದಿನ ಅವರು ಓದ್ತಾರೆ ಅಷ್ಟೇ, ನೆನಪಿಸಿಕೊಳ್ಳಲ್ಲ. ಲೇಬಲ್ ಆಫ್. 'ಡೆಲ್ಟಾಯ್ಡ್ (ಭುಜದ ಸ್ನಾಯು) ತೆಗೆದರೆ ಕೆಳಗೇನು ಕಾಣುತ್ತೆ?' ಅಂತ ಕಾಗದದಲ್ಲಿ ಬರೆಸಿ, ಆಮೇಲೆ ಪದರ ಮರೆಮಾಡಿ ನೋಡಲಿ. ಕಂಪ್ಯೂಟರಿಗೆ ಝಡ್-ಅನಾಟಮಿ ಸಾಕು, ಉಚಿತ, ಮುಕ್ತ ತಂತ್ರಾಂಶ.

ಸ್ಕ್ರೀನ್ ನಿಜಕ್ಕೂ ಗೆಲ್ಲೋದು ಅಡ್ಡಸೀಳಿನಲ್ಲಿ. ವಿಸಿಬಲ್ ಹ್ಯೂಮನ್ ಪ್ರಾಜೆಕ್ಟ್‌ನ 1994ರ ಪುರುಷ ದೇಹದ ಸೀಳುಗಳು 1 ಮಿಲಿಮೀಟರ್ ಅಂತರದವು, ಟ್ರೇಯಲ್ಲಿ ಇದು ಸಾಧ್ಯವೇ ಇಲ್ಲ. ಸಿಟಿ ಸ್ಕ್ಯಾನ್ ಓದುವಾಗ ಕಾಲಿನ ಕಡೆಯಿಂದ ನೋಡಿದ ಹಾಗೆ, ರೋಗಿಯ ಬಲ ನಮ್ಮ ಎಡಕ್ಕೆ ಅನ್ನೋದನ್ನು ಮೊದಲ ಸಾಲಿನಲ್ಲೇ ಹೇಳಿ. ಯಕೃತ್ತು ಎಡಗಡೆ ಕಂಡು ಗಾಬರಿಯಾಗ್ತಾರೆ.

ಪುನರಾವರ್ತನೆಗೆ ಆ್ಯಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ತಂತ್ರಾಂಶ, ಚಿತ್ರದ ಭಾಗ ಮುಚ್ಚುವ ಸೌಲಭ್ಯ ಅದರಲ್ಲೇ ಇದೆ. ಆದರೆ ಆ್ಯಪ್‌ನ ಚಿತ್ರ ಹಾಕಬೇಡಿ; ನಿಮ್ಮ ಟ್ರೇಯ ಫೋಟೋ ಹಾಕಿ. ಒಂದೊಂದು ರಚನೆಗೂ ಮೂರು ಕೋನ, ಬೇರೆ ಬೇರೆ ಹೃದಯ. ಒಂದೇ ಫೋಟೋ ಆದರೆ ಕವಾಟ ಕಲಿಯಲ್ಲ, ಫೋಟೋದ ಮೂಲೆ ಕಲೀತಾರೆ.

ಲ್ಯಾಬ್_ಮೇಜು

ನಾಳಿನ ಬ್ಯಾಚಿಗೇ ತಂತಿ ತರಿಸ್ತೇನೆ. ತಲೆಬುರುಡೆಯ ರಂಧ್ರಗಳಿಗೆ 3ಡಿ ಪ್ರಿಂಟ್ ಉಪಯೋಗವಾ?

ಉತ್ತರ 4: ಸ್ಕಾಲ್ಪೆಲ್22

ತಲೆಬುರುಡೆಯ ಸ್ಫೀನಾಯ್ಡ್, ಟೆಂಪೊರಲ್ ಮೂಳೆಗಳಿಗೆ ಮಾತ್ರ. ತೊಡೆಮೂಳೆ ಪ್ರಿಂಟ್ ಮಾಡೋದು ಪ್ಲಾಸ್ಟಿಕ್ ದಂಡ. ಸಿಟಿ ಸೀಳು 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಇರಬೇಕು. ಸ್ಕ್ಯಾನನ್ನು 3ಡಿ ಮಾದರಿಯಾಗಿಸುವ 3ಡಿ ಸ್ಲೈಸರ್ ತಂತ್ರಾಂಶದಲ್ಲಿ ಥ್ರೆಶೋಲ್ಡ್ (ಎಷ್ಟು ಸಾಂದ್ರವಾದದ್ದನ್ನು ಮೂಳೆ ಅನ್ನಬೇಕು ಅನ್ನೋ ಮಿತಿ) ಏರಿಸಿದರೆ ಕಣ್ಣುಗುಳಿಯ ತೆಳು ಗೋಡೆ ತೂತಾಗುತ್ತೆ, ಇಳಿಸಿದರೆ ಫೊರಾಮೆನ್ ಸ್ಪೈನೋಸಮ್ ಅನ್ನೋ ಸಣ್ಣ ರಂಧ್ರ ಮುಚ್ಚಿಹೋಗುತ್ತೆ. ರಂಧ್ರಗಳಿಗಾಗಿಯೇ ಮಾಡೋದಾದರೆ ಥ್ರೆಶೋಲ್ಡ್ ಏರಿಸಿ, ಸುಳ್ಳು ತೂತುಗಳನ್ನು ಕೈಯಲ್ಲಿ ಮುಚ್ಚಿ, ಅಳತೆಯನ್ನು 150 ಶೇಕಡಾಕ್ಕೆ ಏರಿಸಿ. ಸಪೋರ್ಟ್ (ಪ್ರಿಂಟಿಗೆ ಆಸರೆಯಾಗುವ ಪ್ಲಾಸ್ಟಿಕ್) ರಂಧ್ರದೊಳಗೆ ಬೀಳದಂತೆ ಮೂಳೆ ತಿರುಗಿಸಿ ಇಡಿ. ಮುಗಿದ ಮೇಲೆ ಪ್ರತಿ ರಂಧ್ರದಲ್ಲೂ ತಂತಿ ತೂರಿಸಿ ನೋಡಿ, ತೂರದ್ದು ವಿದ್ಯಾರ್ಥಿಗೆ ಕೊಡಬೇಡಿ.

ಉತ್ತರ 5: ನರಜಾಲ

ತಂತಿಯ ಬಗ್ಗೆ ಒಂದು ತಿದ್ದುಪಡಿ: ರೇಡಿಯಲ್‌ಗೆ ಟಿ1 ಕೂಡ ಸೇರಿಸುವ ಪುಸ್ತಕಗಳಿವೆ. ನಿಮ್ಮ ಪಠ್ಯ ಹಾಗಿದ್ದರೆ ಕಪ್ಪು ಮೂರು ಮಾಡಿ, ಹೆಚ್ಚಿನದನ್ನು ಕೆಳಗಿನ ಟ್ರಂಕ್‌ನಿಂದ ಹಿಂದಕ್ಕೆ ಕಳಿಸಿ. ಒಟ್ಟು 16 ಆಗುತ್ತೆ.