100 ಮೆಗಾವ್ಯಾಟ್ ವಿಂಡ್‌ಫಾರ್ಮ್: 18 ಕಿ.ಮೀ. ದೂರದ 132 ಕೆವಿಗೋ, 42 ಕಿ.ಮೀ. ದೂರದ 220 ಕೆವಿಗೋ?

ಹೊಸ_ಪ್ಲ್ಯಾನರ್
ಎಲ್ಲರಿಗೂ ನಮಸ್ಕಾರ. ಲೈನ್ ಪ್ಲ್ಯಾನಿಂಗ್ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂದಿದೆ. 100 ಮೆಗಾವ್ಯಾಟ್ ವಿಂಡ್‌ಫಾರ್ಮ್. ಗಾಳಿಯಂತ್ರಗಳ ಕರೆಂಟೆಲ್ಲ 33 ಕೆವಿ (ಕಿಲೋವೋಲ್ಟ್) ಕೇಬಲ್‌ಗಳಲ್ಲಿ ನಮ್ಮದೇ ಸಬ್‌ಸ್ಟೇಷನ್‌ಗೆ ಬಂದು ಸೇರುತ್ತದೆ. ಅಲ್ಲಿಂದ ಗ್ರಿಡ್‌ಗೆ ಎರಡು ದಾರಿ ಇವೆ. 18 ಕಿ.ಮೀ. ಆಚೆ ಒಂದು 132 ಕೆವಿ ಸಬ್‌ಸ್ಟೇಷನ್, 42 ಕಿ.ಮೀ. ಆಚೆ ಒಂದು 220 ಕೆವಿ ಸಬ್‌ಸ್ಟೇಷನ್. ಹತ್ತಿರದ್ದಕ್ಕೇ ಎಳೆಯೋಣ, ಟವರ್ ಕಡಿಮೆ, ಜಮೀನಿನ ತಕರಾರೂ ಕಡಿಮೆ ಅಂತ ಜೊತೆಯವರೆಲ್ಲ ಹೇಳುತ್ತಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ, ಆದರೂ ಏನೋ ಬಿಟ್ಟುಹೋಗುತ್ತಿದೆ ಅನ್ನುವ ಅಳುಕು. ಇದನ್ನು ಹೇಗೆ ತೂಗಿ ನೋಡಬೇಕು?

ಟವರ್_ಸಾಲು
ಮೊದಲು ಆಂಪಿಯರ್ ಲೆಕ್ಕ ಹಾಕಿ. ಪವರ್ ಫ್ಯಾಕ್ಟರ್ (ತಂತಿ ಹೊರುವ ಒಟ್ಟು ಹೊರೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.95 ಅಂದುಕೊಂಡರೆ 100 ಮೆಗಾವ್ಯಾಟ್‌ಗೆ ಒಟ್ಟು ಹೊರೆ ಸುಮಾರು 105 ಎಂವಿಎ. ಇದು 33 ಕೆವಿಯಲ್ಲಿ 1,840 ಆಂಪಿಯರ್ ಆಗುತ್ತದೆ, ಆ ಮಾತು ಬಿಡಿ. 132 ಕೆವಿಯಲ್ಲಿ 460, 220 ಕೆವಿಯಲ್ಲಿ 276.

ತಂತಿ ಬಿಸಿಯಾಗಿ ಹೋಗುವ ನಷ್ಟ ಆಂಪಿಯರ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. 132 ಕೆವಿ ತಂತಿಗೆ ಕಿ.ಮೀ.ಗೆ 0.16 ಓಮ್ ಹಿಡಿದರೆ, 18 ಕಿ.ಮೀ.ಗೆ ಪೂರ್ತಿ ಗಾಳಿಯಲ್ಲಿ ಸುಮಾರು 1.8 ಮೆಗಾವ್ಯಾಟ್ ಹೋಗುತ್ತದೆ. 220 ಕೆವಿಗೆ ದಪ್ಪ ತಂತಿ, 0.08 ಓಮ್ ಹಿಡಿಯಿರಿ, 42 ಕಿ.ಮೀ.ಗೆ 0.8 ಮೆಗಾವ್ಯಾಟ್ ಕೂಡ ಆಗುವುದಿಲ್ಲ. ದೂರದ ಲೈನಿನಲ್ಲೇ ನಷ್ಟ ಕಡಿಮೆ! ವರ್ಷದ ಲೆಕ್ಕಕ್ಕೆ ಮಾತ್ರ ಸರಾಸರಿ ಆಂಪಿಯರ್ ತೆಗೆದು ವರ್ಗ ಮಾಡಬೇಡಿ. ಗಾಳಿ ಏರಿಳಿಯುತ್ತದೆ, ಅದಕ್ಕೇ ಗಂಟೆಗಂಟೆಯ ನಷ್ಟ ತೆಗೆದು ಆಮೇಲೆ ಕೂಡಬೇಕು. ಇಲ್ಲದಿದ್ದರೆ ನಷ್ಟ ಇರುವುದಕ್ಕಿಂತ ತೀರಾ ಕಡಿಮೆ ಕಾಣುತ್ತದೆ.

ರಿಲೇ_ರೂಮ್
ನಷ್ಟ ಸರಿ, ಆದರೆ ಈ ತೀರ್ಮಾನ ನಿಲ್ಲುವುದು ಅದರ ಮೇಲಲ್ಲ. ಆ ಎರಡೂ ಸಬ್‌ಸ್ಟೇಷನ್‌ಗಳ ಫಾಲ್ಟ್ ಲೆವೆಲ್ (ಅಲ್ಲಿ ಶಾರ್ಟ್ ಸರ್ಕ್ಯೂಟ್ ಆದರೆ ಗ್ರಿಡ್ ಎಷ್ಟು ನುಗ್ಗಿಸಬಲ್ಲದು ಅನ್ನುವ ಅಳತೆ, ಜಾಸ್ತಿ ಇದ್ದಷ್ಟೂ ಗ್ರಿಡ್ ಗಟ್ಟಿ) ಎಷ್ಟು? ಅದನ್ನು ತಿಳಿಯದೆ ಯಾರೂ ನಿಮಗೆ ಉತ್ತರ ಹೇಳಲಾಗದು.

ಹೊಸ_ಪ್ಲ್ಯಾನರ್
ಈಗ ಕೇಳಿ ತಿಳಿದುಕೊಂಡೆ. 132 ಕೆವಿ ಕಡೆ 350 ಎಂವಿಎ, ಅದಕ್ಕೆ ಬರುವ ಲೈನ್‌ಗಳಲ್ಲಿ ಒಂದು ಬಂದ್ ಆದರೆ 250. 220 ಕೆವಿ ಕಡೆ 4,000 ಎಂವಿಎ.

ರಿಲೇ_ರೂಮ್
ನಿಮ್ಮ ಅಳುಕು ಸರಿಯಾಗಿಯೇ ಇದೆ. ನೋಡಿ, ಓವರ್‌ಹೆಡ್ ಲೈನಿಗೆ ಕಿ.ಮೀ.ಗೆ ಸುಮಾರು 0.4 ಓಮ್ ರಿಯಾಕ್ಟೆನ್ಸ್ (ಏಸಿ ಕರೆಂಟಿಗೆ ಲೈನು ಒಡ್ಡುವ ತಡೆ, ತಂತಿ ಬಿಸಿ ಮಾಡುವ ಓಮ್ ಬೇರೆ). ನಿಮ್ಮ 18 ಕಿ.ಮೀ.ಗೆ 7 ಓಮ್ ಆಯಿತು. ಆದರೆ ಆ ಸಬ್‌ಸ್ಟೇಷನ್‌ನ ಹಿಂದಿರುವ ಗ್ರಿಡ್ಡೇ 132ರ ವರ್ಗವನ್ನು 350ರಿಂದ ಭಾಗಿಸಿದರೆ 50 ಓಮ್! ಅಂದರೆ ಅಲ್ಲಿಂದಾಚೆ ಇನ್ನೂ 125 ಕಿ.ಮೀ. ಲೈನು ಎಳೆದ ಹಾಗೆ. ನಕ್ಷೆಯಲ್ಲಿ ಹತ್ತಿರ, ಕರೆಂಟಿಗೆ 140 ಕಿ.ಮೀ. ದೂರ. 220 ಕಡೆ ಲೈನಿಗೆ 17 ಓಮ್, ಹಿಂದಿನ ಗ್ರಿಡ್‌ಗೆ ಬರೀ 12.

ಇದನ್ನೇ ಶಾರ್ಟ್ ಸರ್ಕ್ಯೂಟ್ ರೇಶಿಯೋ ಮಾಡಿ, ಅಂದರೆ ನಿಮ್ಮ ತುದಿಯ ಫಾಲ್ಟ್ ಲೆವೆಲ್ ಅನ್ನು ನಿಮ್ಮ 100 ಮೆಗಾವ್ಯಾಟ್‌ನಿಂದ ಭಾಗಿಸಿ. ನಿಮ್ಮ ತುದಿಯಲ್ಲಿ 132ಕ್ಕೆ 3 ಬರುತ್ತದೆ, ಒಂದು ಲೈನು ಬಂದ್ ಆದ ದಿನ 2.3ಕ್ಕೆ ಇಳಿಯುತ್ತದೆ. 220ಕ್ಕೆ 16ರ ಮೇಲೆ. 3ಕ್ಕಿಂತ ಕೆಳಗೆ ಹೋದರೆ ದುರ್ಬಲ ಗ್ರಿಡ್ ಅಂತಲೇ ಲೆಕ್ಕ. ಗಾಳಿ ಜೋರಾದಾಗಲೆಲ್ಲ ವೋಲ್ಟೇಜ್ ಅಲ್ಲಾಡುತ್ತದೆ, ಯಂತ್ರದ ಕರೆಂಟನ್ನು ಗ್ರಿಡ್‌ಗೆ ಹೊಂದಿಸುವ ಇನ್ವರ್ಟರ್‌ಗಳ ಕಂಟ್ರೋಲ್ ಸ್ಥಿರವಾಗಿ ನಿಲ್ಲುವುದಿಲ್ಲ. ಸಬ್‌ಸ್ಟೇಷನ್‌ನ ಅದೇ ಬಸ್‌ಗೆ (ಲೈನುಗಳೆಲ್ಲ ಬಂದು ಸೇರುವ ಕಂಬಿಗೆ) ಬೇರೆಯವರ ಸೋಲಾರ್ ಸೇರಿದ್ದರೆ ಅದನ್ನೂ ನಿಮ್ಮ 100ಕ್ಕೆ ಕೂಡಿಸಿ ಭಾಗಿಸಬೇಕು, ಆಗ ಇನ್ನೂ ಕೆಳಗೆ. ಸಿಂಕ್ರೊನಸ್ ಕಂಡೆನ್ಸರ್ (ಹೊರೆಯಿಲ್ಲದೆ ತಿರುಗುತ್ತಾ ಗ್ರಿಡ್‌ಗೆ ಬಲ ಕೊಡುವ ದೊಡ್ಡ ಯಂತ್ರ) ಕೂರಿಸಿ ಬಚಾವಾಗಬಹುದು, ಆದರೆ ಅದರ ಖರ್ಚು ಸೇರಿಸಿದ ಮೇಲೂ ಹತ್ತಿರದ ದಾರಿಯೇ ಅಗ್ಗವೇ ಅಂತ ನೋಡಿ.

ಫಾಲ್ಟ್ ಆದಾಗ ಯಂತ್ರಗಳು ಹೇಗೆ ನಡೆದುಕೊಳ್ಳುತ್ತವೆ ಅನ್ನುವುದನ್ನೂ ಈಗಲೇ ಕೇಳಿ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ಟವರ್‌ಗಳು ಬಿದ್ದವು, ಎರಡು ನಿಮಿಷದೊಳಗೆ ವೋಲ್ಟೇಜ್ ಆರು ಸಲ ಕುಸಿಯಿತು. ಇಷ್ಟು ಸಲ ಕುಸಿದರೆ ಹಿಂದೆ ಸರಿಯಬೇಕು ಅಂತ ಹಲವು ವಿಂಡ್‌ಫಾರ್ಮ್‌ಗಳ ಯಂತ್ರಗಳಲ್ಲಿ ಸೆಟ್ಟಿಂಗ್ ಇತ್ತು. 456 ಮೆಗಾವ್ಯಾಟ್ ಏಳು ಸೆಕೆಂಡಿನೊಳಗೆ ಹೋಯಿತು. ಆ ಹೊರೆ ಪಕ್ಕದ ರಾಜ್ಯದಿಂದ ಬರುವ ಲೈನಿನ ಮೇಲೆ ಬಿದ್ದು ಅದೂ ಟ್ರಿಪ್ ಆಯಿತು, ಇಡೀ ರಾಜ್ಯ ಕತ್ತಲಾಯಿತು. ಆ ಸೆಟ್ಟಿಂಗ್ ಬಗ್ಗೆ ಗ್ರಿಡ್ ನಡೆಸುವವರಿಗೆ ಮೊದಲೇ ಗೊತ್ತಿರಲಿಲ್ಲ.

ಸರಪಳಿ_ಸರ್ವೆ
ಲೆಕ್ಕ ಮಾಡುವವರು ಮಾಡಿದ್ದೀರಿ, ನಾನು ನೆಲದ ಮಾತು ಹೇಳುತ್ತೇನೆ. ಟವರ್‌ಗಳ ನಡುವೆ 300ರಿಂದ 350 ಮೀಟರ್ ಅಂದರೂ 42 ಕಿ.ಮೀ.ಗೆ 120ರಿಂದ 140 ಟವರ್ ಬೇಕು. ಸಂಖ್ಯೆಗಿಂತ ತಿರುವು ಮುಖ್ಯ. ನೇರ ಸಾಲಿನ ಟವರ್ ಬರೀ ಭಾರ ಹೊರುತ್ತದೆ, ತಿರುವಿನದು ತಂತಿಯ ಎಳೆತವನ್ನೂ ತಡೆಯಬೇಕು, ಅದಕ್ಕೇ ಅದರ ಉಕ್ಕು, ಬುನಾದಿ ಎರಡೂ ಜಾಸ್ತಿ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯಬೇಡಿ. ಮನೆ, ಕೆರೆ, ರೈಲು, ಹಕ್ಕಿಗಳು ಹಿಂಡಾಗಿ ಇಳಿಯುವ ಜಾಗ, ಎಲ್ಲ ನಡೆದು ನೋಡಿ. ಜಮೀನಿನವರ ಹತ್ತಿರ ಮಾತಾಡಲು ಸರ್ವೆ ಗೂಟ ಹೊಡೆಯುವ ತನಕ ಕಾಯಲೇಬೇಡಿ. ನಾನು ಕೆಲಸ ಮಾಡಿದ ಒಂದು ಲೈನಿನಲ್ಲಿ ಜನರಿಗೆ ವಿಷಯ ಗೊತ್ತಾಗಿದ್ದೇ ಗೂಟ ನೋಡಿ. ಆಮೇಲೆ ಯಾರೂ ನಮ್ಮ ಮಾತು ಕೇಳಲಿಲ್ಲ, ಅವರದ್ದು ತಪ್ಪೂ ಅಲ್ಲ.

ಇನ್ನು ಸಮಯ. ಗಾಳಿಯಂತ್ರ ನಿಲ್ಲಿಸಲು ಒಂದೆರಡು ವರ್ಷ ಸಾಕು, ಲೈನಿಗೆ ಎಷ್ಟೋ ಸಲ ಅದರ ಎರಡು ಮೂರು ಪಟ್ಟು ಹಿಡಿಯುತ್ತದೆ. ಟೆಕ್ಸಾಸ್‌ನಲ್ಲಿ ಇದಕ್ಕೇ ಗಾಳಿ ಇರುವ ಪ್ರದೇಶಗಳನ್ನು ಮೊದಲು ಗುರುತಿಸಿ, ಫಾರ್ಮ್‌ಗಳು ಬರುವ ಮುಂಚೆಯೇ 345 ಕೆವಿ ಲೈನು ಎಳೆದರು, ಸುಮಾರು 5,800 ಕಿ.ಮೀ. ನಿಮ್ಮ ಕೈಯಲ್ಲಿ ಅಷ್ಟು ಇಲ್ಲ, ಆದರೆ ಲೈನಿನ ಅರ್ಜಿಯನ್ನು ಯಂತ್ರದ ಆರ್ಡರ್‌ಗಿಂತ ಮೊದಲು ಹಾಕುವುದು ಇದೆ ಅಲ್ವಾ?

ಹೊಸ_ಪ್ಲ್ಯಾನರ್
140 ಕಿ.ಮೀ. ಲೆಕ್ಕ ನೋಡಿ ಒಂದು ಕ್ಷಣ ಸುಮ್ಮನೆ ಕೂತುಬಿಟ್ಟೆ. ಒಂದು ಸಂದೇಹ: ಗಾಳಿ ಬೀಸುವಾಗ ತಂತಿಯೂ ತಣ್ಣಗಾಗುತ್ತದೆ, ಹಾಗಾದರೆ ತೆಳು ತಂತಿ ಹಾಕಬಹುದಾ?

ಟವರ್_ಸಾಲು
ತಣ್ಣಗಾಗುವುದು ನಿಜ, ಅಡ್ಡ ಗಾಳಿಗೆ ತಂತಿ ಜಾಸ್ತಿ ಆಂಪಿಯರ್ ತಡೆಯುತ್ತದೆ. ಆದರೆ ಲೈನು ಗುಡ್ಡ ಇಳಿದು ತಗ್ಗಿಗೆ ಬಂದಾಗ ಅಲ್ಲಿ ಗಾಳಿ ಇರುವುದಿಲ್ಲ, ಅಲ್ಲಿನ ಬಿಸಿ ತುಂಡೇ ಇಡೀ ಲೈನಿನ ಮಿತಿ. ಮೀಟರ್ ಕೂರಿಸಿ ಅಳೆದ ಮೇಲೆ ಆ ಲಾಭ ತೆಗೆದುಕೊಳ್ಳಿ, ತಂತಿ ಆರಿಸುವಾಗ ಬೇಡ.

ಹೊಸ_ಪ್ಲ್ಯಾನರ್
ಸರಿ. ಸೋಮವಾರ 220ರ ಸಬ್‌ಸ್ಟೇಷನ್‌ನಲ್ಲಿ ಖಾಲಿ ಬೇ (ಹೊಸ ಲೈನು ಬಂದು ಸೇರುವ ಜಾಗ) ಇದೆಯಾ, ನಮಗಿಂತ ಮುಂದೆ ಯಾರ ಅರ್ಜಿ ಇದೆ ಅಂತ ಕೇಳುತ್ತೇನೆ. ಅದಾದ ಮೇಲೆ ನಡೆದು ನೋಡಲು ಹೊರಡುತ್ತೇನೆ.