ಕೆರೆಗೆ ಹೊರಗಿನ ಮೀನು ಬಂದಿರುವುದನ್ನು ಬೇಗ ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ (ಕೆರೆಯಂಗಳ):
ನಮ್ಮ ಮೀನುಗಾರರ ಸಹಕಾರ ಸಂಘವು ಗುತ್ತಿಗೆಗೆ ಪಡೆದಿರುವ ಕೆರೆಯಲ್ಲಿ ಕಾಟ್ಲಾ, ರೋಹು ಹಿಡಿಯಲು ಹಾಕಿದ ಬಲೆಗೆ ಈಚೆಗೆ ಒಂದು ಸಕ್ಕರ್ ಮೀನು, ಅಂದರೆ ಅಕ್ವೇರಿಯಂ ಅಂಗಡಿಯವರು ‘ಟ್ಯಾಂಕ್ ಕ್ಲೀನರ್’ ಎಂದು ಮಾರುವ ಮೀನು, ಸಿಕ್ಕಿತು. ಕೆಳಗಿನ ಎರಡು ಕೆರೆಗಳಿಗೂ ಅದು ಇಳಿದಿದೆಯೇ ಎಂಬುದನ್ನು, ಬಲೆ ತುಂಬ ಅದೇ ಬರುವ ದಿನಕ್ಕೆ ಕಾಯದೆ, ತಿಳಿಯಲು ಸಾಧ್ಯವೇ? ನೀರಿನ ಡಿಎನ್‌ಎ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಉತ್ತರ (ಜಲಚರ):
ಮೀನಿನ ಲೋಳೆ, ಮಲ, ಚರ್ಮದ ಕಣಗಳ ಮೂಲಕ ಅದರ ಡಿಎನ್‌ಎ ನೀರಿಗೆ ಸೇರುತ್ತದೆ. ನೀರನ್ನು ಸೋಸಿ, ಸೋಸುಹಾಳೆಯಲ್ಲಿ ಉಳಿದದ್ದರಲ್ಲಿ ಆ ಜಾತಿಗೆ ಮಾತ್ರ ಸೇರಿದ ತುಣುಕನ್ನು ಪಿಸಿಆರ್ (ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ವಿಧಾನ) ಮೂಲಕ ಹುಡುಕುತ್ತಾರೆ. ಮಿಷಿಗನ್ ಸರೋವರಕ್ಕೆ ಏಷ್ಯಾದ ಕಾರ್ಪ್ ಮೀನುಗಳು ನುಗ್ಗದಂತೆ ಷಿಕಾಗೊ ಕಾಲುವೆಯಲ್ಲಿ ಹಾಕಿದ್ದ ವಿದ್ಯುತ್ ತಡೆಯ ಆಚೆಗೂ 2009ರಲ್ಲಿ ಅವುಗಳ ಡಿಎನ್‌ಎ ಸಿಕ್ಕಿತು. 2010ರ ಜೂನ್‌ನಲ್ಲಿ ಆ ತಡೆಯ ಆಚೆಗಿರುವ ಕ್ಯಾಲುಮೆಟ್ ಸರೋವರದಲ್ಲಿ, ಆ ಕಾರ್ಪ್‌ಗಳಲ್ಲಿ ಒಂದು ಜಾತಿಯಾದ ಬಿಗ್‌ಹೆಡ್ ಕಾರ್ಪ್ ಒಂದು ಬಲೆಗೇ ಬಿತ್ತು. ಬಲೆಗಿಂತ ಮೊದಲು ನೀರು ಸುಳಿವು ಕೊಟ್ಟಿತ್ತು.

ಉತ್ತರ (ಕೋಡಿನೀರು):
ಸುಳಿವು ನಿಜ, ಆದರೆ ಒಂದು ಮೀನು ಸಿಕ್ಕಿದ್ದರಿಂದ ಪರೀಕ್ಷೆಯ ಎಲ್ಲ ಫಲಿತಾಂಶಗಳೂ ಸರಿ ಎಂದಾಗುವುದಿಲ್ಲ. ಡಿಎನ್‌ಎ ಬದುಕಿರುವ ಮೀನಿನದೋ ಸತ್ತದ್ದರದೋ ಎಂದು ಅದು ಹೇಳಲಾರದು. ಹಕ್ಕಿಯ ಹಿಕ್ಕೆ, ಒದ್ದೆ ಬಲೆ, ತೆಪ್ಪದ ತಳಗಳಿಂದಲೂ ಡಿಎನ್‌ಎ ಬರಬಹುದು. ತಮ್ಮ ವಿಷಯದಲ್ಲಿ ಇನ್ನೂ ಮುಖ್ಯವಾದದ್ದು, ಮೇಲಿನ ಕೆರೆ ಕೋಡಿ ಹರಿಯುತ್ತಿರುವಾಗ ಕೆಳಗಿನ ಕೆರೆಯ ನೀರು ತೆಗೆದರೆ, ಮೀನು ಮೇಲೆಯೇ ಇದ್ದರೂ ಡಿಎನ್‌ಎ ಕೆಳಗೆ ಸಿಗುತ್ತದೆ. ಆದ್ದರಿಂದ ಕೋಡಿ ನಿಂತು ಕೆಲವು ವಾರಗಳಾದ ಮೇಲೆ, ಪ್ರತಿ ಕೆರೆಗೂ ಬೇರೆ ಶುದ್ಧ ಬಾಟಲಿ ಬಳಸಿ, ಮೊದಲು ಕೆಳಗಿನ ಕೆರೆಗಳ, ಕೊನೆಗೆ ಮೇಲಿನದರ ನೀರನ್ನು ಹಲವು ಕಡೆಗಳಿಂದ ತೆಗೆಯಿರಿ. ಬೆಚ್ಚನೆಯ ನೀರಿನಲ್ಲಿ ಡಿಎನ್‌ಎ ಬೇಗ ಕೆಡುವುದರಿಂದ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಅಂದೇ ಸೋಸಬೇಕು. ಒಂದು ಸಲ ಸಿಗಲಿಲ್ಲವೆಂದರೆ ಮೀನು ಇಲ್ಲ ಎಂದರ್ಥವಲ್ಲ.

ಉತ್ತರ (ಬಲೆಗಾರ):
ಪರೀಕ್ಷೆಗೆ ಹಣ ಹೊಂದಿಸುವ ಮುನ್ನ ಖರ್ಚಿಲ್ಲದ ಕೆಲಸವನ್ನು ಮಾಡಿ. ಈ ಮೀನು ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ; ಬೇಸಿಗೆಯಲ್ಲಿ ನೀರು ಇಳಿದಾಗ ಏರಿಯ ಒಳಮೈ ನೋಡಿದರೆ ಬಿಲಗಳು ಕಾಣುತ್ತವೆ. ಸಿಕ್ಕಿದ್ದು ದೊಡ್ಡ ಮೀನೊಂದೇ ಆದರೆ ಯಾರೋ ತೊಟ್ಟಿಯಿಂದ ತಂದು ಬಿಟ್ಟದ್ದಿರಬಹುದು. ಬೇರೆ ಬೇರೆ ಗಾತ್ರದ ಮರಿಗಳು ಸಿಕ್ಕರೆ ಅಲ್ಲಿಯೇ ಮರಿ ಹಾಕುತ್ತಿದೆ ಎಂದು ತಿಳಿಯಬೇಕು. ಸಣ್ಣ ಕಣ್ಣಿನ ಬಲೆಯನ್ನು ದಡದ ಬಳಿ ಒಮ್ಮೆ ಎಳೆದು, ಸಿಕ್ಕಿದ್ದರ ಫೋಟೋ, ಉದ್ದ, ಜಾಗ ಬರೆದಿಟ್ಟು ಮೀನುಗಾರಿಕೆ ಇಲಾಖೆಗೆ ಕೊಡಿ. ಹಿಡಿದದ್ದನ್ನು ದಂಡೆಯ ಮೇಲೆ ಎಸೆದು ಹೋಗಬೇಡಿ: ಗಾಳಿ ನುಂಗಿ ಉಸಿರಾಡಬಲ್ಲ ಅದು ಗಂಟೆಗಟ್ಟಲೆ ಬದುಕಿದ್ದು, ನೀರಿಗೆ ಮರಳಬಹುದು.